ಬಾಯಿ ತುಂಬ ನೀಲಿ ನೀರು

ಹಲ್ಲಿನ ವಿಷಯದಲ್ಲಿ ನಮ್ಮ ಯಜಮಾನ್ರದ್ದು ಒಂದೇ ವಾದ. ಮುದ್ದೆ ಅಗಿಯೋದಲ್ಲ, ನುಂಗೋದು. ನುಂಗೋರಿಗೆ ಹಲ್ಲಿನ ಸಂದಿಯ ಚಿಂತೆ ಯಾಕೆ? ಬಸ್ಸಾರಿನ ಸೊಪ್ಪು, ಮಾವಿನ ನಾರು, ಭಾನುವಾರದ ಮಟನ್ನು ಇವೆಲ್ಲ ಅವರ ಲೆಕ್ಕಕ್ಕಿಲ್ಲ. ಸಿಕ್ಕಿಕೊಂಡರೆ ಪೊರಕೆ ಕಡ್ಡಿ ಇದೆ, ಸೇಫ್ಟಿ ಪಿನ್ ಇದೆ. ಏನೂ ಇಲ್ಲ ಅಂದರೆ ಮಡಚಿದ ಬಸ್ ಟಿಕೆಟ್ಟಿನ ಮೂಲೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬರುವಷ್ಟರಲ್ಲಿ ಟಿಕೆಟ್ ನೆಂದು ಮುದ್ದೆಯಾಗಿರುತ್ತದೆ. ಚೆಕಿಂಗ್‌ನವರು ಹತ್ತಿದರೆ ತೋರಿಸೋಕೆ ನನಗೇ ನಾಚಿಕೆ.

ಒಸಡಲ್ಲಿ ರಕ್ತ ಬಂತು. ಹಲ್ಲಿನ ಡಾಕ್ಟರು ದಿನಾ ಫ್ಲಾಸ್ ಮಾಡಿ ಅಂದರು. ಸುಮಾರು 45 ಸೆಂಟಿಮೀಟರ್ ದಾರ, ಅಂದರೆ ಒಂದು ಮೊಳ. ಎರಡೂ ಕೈಯ ನಡುಬೆರಳಿಗೆ ಸುತ್ತಿ, ಒಂದೊಂದು ಸಂದಿಗೂ ಇಳಿಸಿ, ಹಲ್ಲಿನ ಬದಿ ಒರೆಸಬೇಕು. ಎಲ್ಲಕ್ಕೂ ತಲೆಯಾಡಿಸಿ ಬಂದವರು ತಂದಿದ್ದು ಒಂದು ಬಾಟಲಿ ಮೌತ್‌ವಾಶ್. "ಅದೇ ಕೆಲಸ ಇದೂ ಮಾಡತ್ತೆ ಕಣೇ. ನೀರು ಹೋಗದ ಸಂದಿ ಇದ್ಯಾ?"

ಅತ್ತೆ ಬಚ್ಚಲ ಬಾಗಿಲಲ್ಲೇ ತೀರ್ಪು ಕೊಟ್ಟರು. "ತೊಟ್ಟೀಲಿ ಪಾಚಿ ಕಟ್ಟಿದ್ರೆ ನೀರು ಕುಲುಕಿದ್ರೆ ಹೋಗತ್ತೇನೋ? ಉಜ್ಜಬೇಕು."

ಡಾಕ್ಟರು ಫೀಸು ತಗೊಂಡು ಹೇಳಿದ್ದೂ ಇಷ್ಟೇ. ಹಲ್ಲಿಗೆ ಅಂಟಿಕೊಳ್ಳುವುದು ಬ್ಯಾಕ್ಟೀರಿಯಾಗಳ ಪದರ. ಮೌತ್‌ವಾಶ್ ವಾಸನೆ ಕಡಿಮೆ ಮಾಡುತ್ತದೆ, ಒಂದಷ್ಟು ಕ್ರಿಮಿ ಸಾಯುತ್ತವೆ. ಸಂದಿಯಲ್ಲಿ ಠಿಕಾಣಿ ಹೂಡಿದ್ದನ್ನು ಎಬ್ಬಿಸೋಕೆ ದಾರವೇ ಬೇಕು.

ಅಮೆರಿಕದಲ್ಲಿ ಇದೇ ಜಗಳ ಕೋರ್ಟಿಗೂ ಹೋಗಿತ್ತು. ಲಿಸ್ಟರಿನ್ ಅನ್ನೋ ಮೌತ್‌ವಾಶ್ ಫ್ಲಾಸ್‌ನಷ್ಟೇ ಕೆಲಸ ಮಾಡುತ್ತೆ ಅಂತ ಜಾಹೀರಾತು ಬಂತು. ಫ್ಲಾಸ್ ಮಾರುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್ ಕಡೆಯವರು ಕೇಸು ಹಾಕಿದರು. 2005ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಇದು ಜನರ ದಾರಿ ತಪ್ಪಿಸುವ ಜಾಹೀರಾತು ಅಂದರು. ತಮಾಷೆ ಏನಂದ್ರೆ, 2006ರಲ್ಲಿ ಕೇಸು ಹಾಕಿದವರೇ ಲಿಸ್ಟರಿನ್ನನ್ನೂ ಕೊಂಡುಕೊಂಡರು. ಇದನ್ನೆಲ್ಲ ಇವರಿಗೆ ಹೇಳಿದೆ. ಕಿವಿಗೆ ಬಿದ್ದಿದ್ದು ಕೊನೆಯ ಮಾತು ಮಾತ್ರ. "ನೋಡ್ದಾ, ಗೆದ್ದಿದ್ದು ನೀಲಿ ನೀರೇ!"

ಮೌತ್‌ವಾಶ್ ಬಾಯಲ್ಲಿ 30 ಸೆಕೆಂಡ್ ಇರಬೇಕಲ್ವಾ? ಸರಿಯಾಗಿ ಆಗಲೇ ಮೈದುನನ ಫೋನು. "ಅಣ್ಣಾ, ಸೋಮವಾರದವರೆಗೂ ಸ್ಕೂಟರ್ ನನ್ನ ಹತ್ರಾನೇ ಇರ್ಲಾ?" ಊಂ ಅನ್ನೋಕೆ ಮುಚ್ಚಿದ ಬಾಯೇ ಸಾಕು. ಊಹೂಂ ಅನ್ನೋಕೆ ಹೋದರು. ಅರ್ಧ ನೀರು ಕನ್ನಡಿ ಮೇಲೆ, ಉಳಿದದ್ದು ಬನಿಯನ್ ಮೇಲೆ. ಅತ್ತ ಕಡೆ "ಥ್ಯಾಂಕ್ಸ್ ಅಣ್ಣಾ" ಅಂದು ಫೋನಿಟ್ಟಾಗಿತ್ತು.

ಮೈದುನ ರೇಷ್ಮೆ ರೀಲರ್. ಸ್ಕೂಟರ್ ವಾಪಸ್ ತಂದಾಗ ಫ್ಲಾಸ್ ಕಥೆ ಕೇಳಿ, "ದಾರಕ್ಕೆ ನಮ್ಮಲ್ಲಿ ಬರವಾ?" ಅಂತ ಒಂದೆಳೆ ಕಚ್ಚಾ ರೇಷ್ಮೆ ಕೊಟ್ಟ. ಐಡಿಯಾ ಹೊಸದಲ್ಲ. ಅಮೆರಿಕದ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ 1815ರ ಸುಮಾರಿಗೇ ರೇಷ್ಮೆ ದಾರದಿಂದ ಹಲ್ಲಿನ ಸಂದಿ ಶುಚಿ ಮಾಡಿ ಅಂದಿದ್ದ. ಆದರೆ ಅವನದ್ದು ಮೇಣ ಸವರಿದ ದಾರ. ಇವರದ್ದು ದವಡೆ ಹಲ್ಲುಗಳ ನಡುವೆ ಹೋಗಿ ಕೂತು, ಪಟ್ ಅಂತ ತುಂಡಾಯಿತು. ಎಳೆಯ ತುದಿ ತುಟಿಯಾಚೆ ಮಿರಮಿರ ಮಿಂಚುತ್ತಿತ್ತು. ಅದನ್ನು ಎಬ್ಬಿಸೋಕೆ ಮೆಡಿಕಲ್ ಸ್ಟೋರಿಂದ ನಿಜವಾದ ಫ್ಲಾಸ್ ತರಿಸಬೇಕಾಯಿತು.

ಆ ಡಬ್ಬಿ ಈಗ ಬೇಗ ಬೇಗ ಖಾಲಿಯಾಗುತ್ತಿದೆ. ಯಜಮಾನ್ರು ದಾರಿಗೆ ಬಂದರು ಅಂತ ಖುಷಿಪಟ್ಟೆ. ಶುಕ್ರವಾರ ದೇವರ ಮನೆಗೆ ಹೋದರೆ ಪುದೀನ ಘಮಘಮ. ಅತ್ತೆ ಕನಕಾಂಬರ ಕಟ್ಟುತ್ತಾ ಕೂತಿದ್ದರು. "ಈ ದಾರ ಜಾರಲ್ಲ, ಕಿತ್ತೂ ಹೋಗಲ್ಲ ಕಣಮ್ಮ. ಇನ್ನೊಂದು ಡಬ್ಬಿ ತರಿಸು."