ಮನೆ ಮಾರುವಾಗ ಮಾತ್ರ ಹುಟ್ಟುವ ಅನಿಲ

ಅಮೆರಿಕದಲ್ಲಿ ಒಂದು ಅನಿಲವಿದೆ, ಹೆಸರು ರೇಡಾನ್. ಬಣ್ಣ ಇಲ್ಲ, ವಾಸನೆ ಇಲ್ಲ. ಮಣ್ಣು, ಕಲ್ಲಿನಲ್ಲಿರುವ ಯುರೇನಿಯಂನಿಂದ ಹುಟ್ಟಿ, ಅಡಿಪಾಯದ ಬಿರುಕಿನಲ್ಲಿ ನುಸುಳಿ ಮನೆಯೊಳಗೆ ಸೇರುತ್ತದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಇದರಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ವರ್ಷಕ್ಕೆ ಸುಮಾರು 21,000 ಜನರನ್ನು ಕೊಲ್ಲುತ್ತದೆ. ಮನೆಯವರ ಲೆಕ್ಕ ಮಾತ್ರ ಬೇರೆ. ಮನೆ ಮಾರಾಟಕ್ಕಿಟ್ಟ ದಿನವೇ ರೇಡಾನ್ ಹುಟ್ಟಿದ ದಿನ!

ಅಲ್ಲಿಯವರೆಗೆ ಬೇಸ್‌ಮೆಂಟಿನಲ್ಲೇ ಟಿವಿ, ಅಲ್ಲೇ ಮಕ್ಕಳ ಆಟ. ಯಾರಾದರೂ ಪರೀಕ್ಷೆ ಮಾಡಿಸಿದಿರಾ ಅಂದರೆ ಉತ್ತರ ರೆಡಿ: "ಅಯ್ಯೋ, ನಮ್ಮದು ಹಳದಿ ಕೌಂಟಿ!"

ಈ ಹಳದಿಯ ಕಥೆ ಇಷ್ಟೇ. 1993ರಲ್ಲಿ ಸಂಸ್ಥೆ ಒಂದೊಂದು ಕೌಂಟಿಗೂ, ಅಂದರೆ ಜಿಲ್ಲೆಗೂ, ರೇಡಾನ್ ಸಾಧ್ಯತೆಯ ಬಣ್ಣ ಹಚ್ಚಿ ಒಂದು ನಕ್ಷೆ ಮಾಡಿತು. ಕೆಂಪು ಅಂದರೆ ಜಾಸ್ತಿ, ಕಿತ್ತಳೆ ಅಂದರೆ ಮಧ್ಯಮ, ಹಳದಿ ಅಂದರೆ ಕಮ್ಮಿ. ಯಾವ ಬಣ್ಣದಲ್ಲೂ ರೇಡಾನ್ ತುಂಬಿದ ಮನೆ ಸಿಗಬಹುದು, ಎಲ್ಲರೂ ಪರೀಕ್ಷೆ ಮಾಡಿಸಿ ಅಂತ ಅದೇ ಸಂಸ್ಥೆ ಹೇಳುತ್ತದೆ. ಅದನ್ನು ಓದುವವರು ಯಾರು? ಜನ ಬಣ್ಣ ನೋಡಿ ನಿದ್ದೆ ಹೋದರು. ರೇಡಾನ್ ಕೂಡ ಕೌಂಟಿ ಗಡಿಯ ಬೋರ್ಡ್ ಓದಿ, ಸಭ್ಯವಾಗಿ ವಾಪಸ್ ಹೋಗುತ್ತದೆ ಅಂತ ನಂಬಿಕೆ.

ಅಷ್ಟರಲ್ಲಿ ಕೊಳ್ಳುವವರು ಬಂದು ಪರೀಕ್ಷೆ ಕೇಳುತ್ತಾರೆ. ಶುರುವಾಗುವುದಕ್ಕೆ 12 ಗಂಟೆ ಮೊದಲೇ ಕಿಟಕಿ ಮುಚ್ಚಬೇಕು. ಆಮೇಲೆ ಕಮ್ಮಿ ಅಂದರೂ 48 ಗಂಟೆ ಅನಿಲ ಅಳೆಯುವ ಯಂತ್ರ ಕೂರಬೇಕು, ಅಲ್ಲಿಯವರೆಗೂ ಕಿಟಕಿ ತೆರೆಯಬಾರದು, ತೆರೆದರೆ ಅಂಕಿ ಇಳಿಯುತ್ತದೆ. ಚಳಿಗಾಲದುದ್ದಕ್ಕೂ ಕಿಟಕಿ ಮುಟ್ಟದ ಮಾಲೀಕರಿಗೆ ಆ ಎರಡು ದಿನ ಮಾತ್ರ ತಾಜಾ ಗಾಳಿಯ ಮೇಲೆ ಎಲ್ಲಿಲ್ಲದ ಪ್ರೀತಿ. ತಮ್ಮನ್ನು ಕದ್ದುಮುಚ್ಚಿ ಜರುಗಿಸಿದರೆ ಪತ್ತೆ ಹಚ್ಚುವ ಯಂತ್ರಗಳು ಸುಮ್ನೆ ಬರಲಿಲ್ಲ.

ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣಶೀಲತೆಯ ಅಳತೆ) ಮುಟ್ಟಿದರೆ ಸರಿಪಡಿಸಿ ಅನ್ನುತ್ತದೆ ಸಂಸ್ಥೆ. ಹಾಗಾಗಿ 3.9 ಬಂದರೆ ಹಬ್ಬ, 4.1 ಬಂದರೆ ಸೂತಕ. 2ರಿಂದ 4ರ ನಡುವೆ ಇದ್ದರೂ ಸರಿಪಡಿಸುವ ಬಗ್ಗೆ ಯೋಚಿಸಿ ಅಂತ ಅದೇ ಸಂಸ್ಥೆ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯಂತೂ ಸುಮಾರು 2.7ರಲ್ಲೇ ಇದೆ. ಹವಾಮಾನ ಬದಲಾದರೆ ಒಂದೇ ಮನೆಯಲ್ಲಿ ಈ ವಾರ ಹಬ್ಬ, ಮುಂದಿನ ವಾರ ಸೂತಕ. ಇರಲಿ, ಮಾತುಕತೆಯಲ್ಲಿ ಇದೆಲ್ಲ ಯಾರಿಗೆ ಬೇಕು? ಬೆಳಿಗ್ಗೆ ಕೊಳ್ಳುವ ಮನೆಯಲ್ಲಿ "3.9 ಅಂದರೆ ವಿಷ, ಬೆಲೆ ಇಳಿಸಿ" ಅಂದವರೇ, ಸಂಜೆ ತಮ್ಮ ಹಳೇ ಮನೆ ಮಾರುವಾಗ "3.9 ಅಂದರೆ ಶುದ್ಧ ಗಾಳಿ" ಅನ್ನುತ್ತಾರೆ.

(ಮೊಂಟಾನಾ ರಾಜ್ಯದ ಬೌಲ್ಡರ್ ಊರಿಗೆ ಹೋದರೆ ಕಥೆಯೇ ಉಲ್ಟಾ. ಕೀಲುನೋವು ವಾಸಿಯಾಗಲಿ ಅಂತ ಜನ ದುಡ್ಡು ಕೊಟ್ಟು ಹಳೇ ಗಣಿಯೊಳಗೆ ಕೂತು ರೇಡಾನ್ ಉಸಿರಾಡುತ್ತಾರೆ. ಅಲ್ಲಿ ಬೆಲೆ ಇಳಿಸಿ ಅಂತ ಕೇಳಿದವರುಂಟೋ ಇಲ್ಲವೋ!)

ಕೊನೆಗೆ ನೆಲಕ್ಕೆ ತೂತು ಕೊರೆದು, ಪೈಪ್ ಇಳಿಸಿ, ಫ್ಯಾನ್ ಹಾಕಿ ಅನಿಲವನ್ನು ಸೂರಿನ ಮೇಲೆ ಬಿಡುತ್ತಾರೆ. ಉಪಾಯ ಒಳ್ಳೆಯದೇ, ಕೆಲಸವನ್ನೂ ಮಾಡುತ್ತದೆ. ಪೈಪಿಗೆ ಅಂಟಿಸಿದ ಬಾಗಿದ ಪಾರದರ್ಶಕ ಕೊಳವೆಯಲ್ಲಿ ಬಣ್ಣದ ದ್ರವ ಎರಡೂ ಕಡೆ ಸಮ ನಿಂತರೆ ಫ್ಯಾನ್ ಎಳೆಯುತ್ತಿಲ್ಲ ಅಂತ ಅರ್ಥ. ಅದು ಕಾಣಬಾರದು ಅಂತ ಹೊಸ ಮಾಲೀಕರು ಎದುರಿಗೆ ರಟ್ಟಿನ ಪೆಟ್ಟಿಗೆ ಪೇರಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಿ ಅಂದಿದ್ದಕ್ಕೆ ಒಂದು ಕಿಟ್ ತರಿಸಿ ಡ್ರಾಯರ್‌ನಲ್ಲಿ ಹಾಕುತ್ತಾರೆ. ಅವಧಿ ಮೀರಿದ ಆ ಕಿಟ್ ಮುಂದೆ ಮನೆ ಕೊಳ್ಳುವವರಿಗೆ ಉಚಿತ.