ಬಾನೆಟ್ ಮೇಲೊಂದು ಬೆರಳು

ಬೇರೆಯವರ ಕಾರಿನ ಬಾನೆಟ್ ಮೇಲೆ ಬೆರಳಾಡಿಸುವವರಿಗೆ ದಂಡ ಹಾಕುವ ಕಾನೂನೊಂದು ಬರಬೇಕು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಹೇಳಿತು. ಸರಿ, ಒಪ್ಪಿದೆವು. ಪೈಪು ಸುತ್ತಿ ಅಟ್ಟಕ್ಕೆ ಹಾಕಿ ಬಕೆಟ್ ಹಿಡಿದೆವು. ಆದರೆ ಬೆನ್ನು ಬಗ್ಗಿಸಿ ಬಕೆಟ್ ನೀರಲ್ಲಿ ತೊಳೆದ ಕಾರು ಇನ್ನೂ ಆರುವ ಮೊದಲೇ ಎದುರು ಮನೆಯಿಂದ ಬಂದು, ತೋರುಬೆರಳಲ್ಲಿ ಒಂದು ಗೆರೆ ಎಳೆದು, "ಇಲ್ಲಿ ಇನ್ನೂ ಹೋಗಿಲ್ಲ ನೋಡಿ" ಅನ್ನುವವರಿಗೆ ಯಾವ ದಂಡವೂ ಇಲ್ಲ.

ನಮ್ಮದು ಕಪ್ಪು ಕಾರು. ಬಣ್ಣ ಆರಿಸಿದ್ದು ಮಗಳು, ತೊಳೆಯುವುದು ನಾನು. ಕಪ್ಪು ಬಣ್ಣ ಶೋರೂಮಿನಲ್ಲಿ ಬಹಳ ಚೆನ್ನಾಗಿರುತ್ತದೆ. ನಮ್ಮ ಬೀದಿಗೆ ಬಂದ ಮೇಲೆ ಅದು ಯಾವ ಬಣ್ಣ ಅಂತ ಕೇಳಿದರೆ, "ಯಾವಾಗ?" ಅಂತ ತಿರುಗಿ ಕೇಳಬೇಕಾಗುತ್ತದೆ. ಬೇಸಿಗೆಯಲ್ಲಿ ಧೂಳಿನದು, ಮಳೆಗಾಲದಲ್ಲಿ ಕೆಸರಿನದು.

ತೊಳೆಯುವುದಕ್ಕೂ ಒಂದು ಕ್ರಮ ಇದೆ. ಎರಡು ಬಕೆಟ್ ಬೇಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಮಣ್ಣು ಬಿಟ್ಟ ಮೇಲೆ ಶಾಂಪೂಗೆ ಅದ್ದಬೇಕು. ಇಲ್ಲದಿದ್ದರೆ ಆ ಮಣ್ಣನ್ನೇ ತಂದು ಕಾರಿಗೆ ತಿಕ್ಕಿದ ಹಾಗೆ. ಬಿಸಿಲಲ್ಲಿ ನೋಡಿದರೆ ಕಪ್ಪು ಕಾರಿನ ಮೈಮೇಲೆ ಸುರುಳಿ ಸುರುಳಿಯಾಗಿ ಗೀರು ಕಾಣುತ್ತವಲ್ಲ, ಅವು ಬಹುಪಾಲು ಹೀಗೆ ಒರೆಸಿ ಒರೆಸಿಯೇ ಆದವು. ಇದನ್ನು ಮನೆಯಲ್ಲಿ ಹೆಂಡತಿಗೆ ವಿವರಿಸಿದೆ. "ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಹಾಕ್ಕೊಳ್ರೀ, ಯಾಕಿಷ್ಟು ಒದ್ದಾಟ" ಅಂತ ಉತ್ತರ ಬಂತು. ಪಾತ್ರೆಯ ಜಿಡ್ಡು ತೆಗೆಯುವ ಲಿಕ್ವಿಡ್ಡು ಕಾರಿಗೆ ಹಚ್ಚಿದ ವ್ಯಾಕ್ಸನ್ನೂ ಅಷ್ಟೇ ನಿಷ್ಠೆಯಿಂದ ತೆಗೆಯುತ್ತದೆ ಅಂದೆ. "ಹಾಗಾದ್ರೆ ವ್ಯಾಕ್ಸ್ ಹಚ್ಚಬೇಡಿ." ಇದಕ್ಕೆ ಏನು ಹೇಳ್ತೀರಿ?

ಪಾಪ, ಅವಳದು ಸಹಾಯ ಮಾಡುವ ಮನಸ್ಸೇ. ಫಿಲ್ಟರಿನಿಂದ ಹೊರಗೆ ಹೋಗುವ ಆರ್‌ಒ ನೀರನ್ನೆಲ್ಲ ವಾರವಿಡೀ ಹಿಡಿದು "ನಿಮ್ಮ ಕಾರಿಗೆ" ಅಂತ ಇಟ್ಟಿರುತ್ತಾಳೆ. ನಮ್ಮದು ಬೋರ್‌ವೆಲ್ ನೀರು, ಮೊದಲೇ ಗಡಸು. ಅದರಲ್ಲಿ ಕುಡಿಯಲು ಬೇಡ ಅಂತ ಯಂತ್ರ ತೆಗೆದ ಲವಣವೆಲ್ಲ ಆ ಬಕೆಟ್ಟಿನಲ್ಲಿ ಸೇರಿರುತ್ತದೆ. ಆ ನೀರು ಕಾರಿನ ಮೇಲೆ ಆರಿದರೆ ಹನಿಗೊಂದು ಬಿಳಿ ಉಂಗುರ. ನಾನು ಅದನ್ನು ಗುಟ್ಟಾಗಿ ಅಂಗಳ ತೊಳೆಯಲು ಬಳಸುತ್ತೇನೆ. ಅಂಗಳ ಈಗ ಕಾರಿಗಿಂತ ಚೊಕ್ಕಟವಾಗಿದೆ.

ನೆರಳಲ್ಲಿ ತೊಳೆಯಬೇಕು ಅನ್ನುವುದು ಇನ್ನೊಂದು ನಿಯಮ. ಬಿಸಿಲಲ್ಲಿ ಒರೆಸುವ ಮೊದಲೇ ನೀರು ಆರುತ್ತದೆ. ನಮ್ಮ ಬೀದಿಯಲ್ಲಿ ನೆರಳು ಅಂದರೆ ಒಂದೇ ಒಂದು ಹೊಂಗೆ ಮರ. ಆ ಮರದಲ್ಲಿ ಬನಶಂಕರಿಯ ಅರ್ಧ ಕಾಗೆಗಳಿವೆ. ಉಳಿದರ್ಧ ಬೆಳಗ್ಗೆ ಬಂದು ಹೋಗುತ್ತವೆ.

ಇಷ್ಟೆಲ್ಲ ಒದ್ದಾಡುವುದು ಯಾವುದಕ್ಕೆ ಅಂದರೆ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಅನ್ನುವ ಪದರಕ್ಕೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ತಲೆಕೂದಲಿಗಿಂತ ತೆಳು. ಕಾರಿನ ಹೊಳಪೆಲ್ಲ ಅದರದೇ. ವ್ಯಾಕ್ಸು ಅದರ ಮೇಲೆ ಕೂರುತ್ತದೆ. ಪಾಲಿಶ್ ಹಾಗಲ್ಲ, ಅದು ಆ ಪದರವನ್ನೇ ಚೂರು ಚೂರು ಸವೆಸಿ ಗೀರನ್ನು ಮರೆಸುತ್ತದೆ. ಅಂದರೆ ಆಗಾಗ ಪಾಲಿಶ್ ಮಾಡುತ್ತಾ ಹೋದರೆ ಪಾಲಿಶ್ ಮಾಡಲು ಏನೂ ಉಳಿಯುವುದಿಲ್ಲ. ಶೋರೂಮಿನವರು ಇದನ್ನು ಹೇಳುವುದಿಲ್ಲ. ಕೋಟಿಂಗಿನ ರೇಟು ಮಾತ್ರ ಹೇಳುತ್ತಾರೆ. ಕೇಳಿದ ಮೇಲೆ ಕೂರಲು ಕುರ್ಚಿಯನ್ನೂ ಕೊಡುತ್ತಾರೆ.

ಆಯುಧಪೂಜೆಯ ದಿನ ಮಾತ್ರ ಕ್ಲಿಯರ್ ಕೋಟಿನ ಮಾತು ಎತ್ತುವಂತಿಲ್ಲ. ಅರಿಶಿನ, ಕುಂಕುಮ, ಗಂಧ ಎಲ್ಲ ಬಾನೆಟ್ ಮೇಲೇ. ಒಮ್ಮೆ ಅಮ್ಮನಿಗೆ, "ಅಮ್ಮಾ, ಕುಂಕುಮ ಗಾಜಿಗೆ ಇಡು, ಒರೆಸಿದರೆ ಹೋಗುತ್ತೆ" ಅಂದೆ. "ಹಣೆಗಿಡೋದನ್ನ ಕಣ್ಣಿಗಿಡ್ತಾರೇನೋ?" ಅಂದಳು. ಬಾಯಿ ಮುಚ್ಚಿಕೊಂಡೆ.

ಈಗ ಅಂಕಲ್ ವಿಷಯಕ್ಕೆ ಬರುತ್ತೇನೆ.

ಎದುರು ಮನೆ ಅಂಕಲ್ ಸರ್ಕಾರಿ ಕಚೇರಿಯಲ್ಲಿ ಆಡಿಟ್ ಮಾಡುತ್ತಿದ್ದವರು. ನಿವೃತ್ತಿ ಆಗಿ ಬಹಳ ಕಾಲವಾಗಿದೆ, ಬೆರಳಿಗೆ ಮಾತ್ರ ಇನ್ನೂ ಆದೇಶ ತಲುಪಿಲ್ಲ. ಭಾನುವಾರ ನಾನು ಬಕೆಟ್ ಇಟ್ಟ ಸದ್ದಿಗೆ ಅವರ ಗೇಟು ಕಿರ್ ಅನ್ನುತ್ತದೆ. ಕೈ ಹಿಂದೆ ಕಟ್ಟಿಕೊಂಡು ಕಾರಿನ ಸುತ್ತ ಒಂದು ಸುತ್ತು. ಮಾತಿಲ್ಲ. ಎರಡನೇ ಸುತ್ತಿನಲ್ಲಿ ಬಲಗೈ ಮುಂದೆ ಬರುತ್ತದೆ. ತೋರುಬೆರಳು ಇಳಿಯುತ್ತದೆ. ಹೆಡ್‌ಲೈಟಿನ ಹತ್ತಿರದಿಂದ ಹಿಂದಿನ ಬಾಗಿಲಿನ ತನಕ ನಿಧಾನಕ್ಕೆ, ಒತ್ತಿ, ಒಂದು ಗೆರೆ. ಆಮೇಲೆ ಬೆರಳನ್ನು ಸೂರ್ಯನಿಗೆ ಹಿಡಿದು, ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ನನಗೂ ತೋರಿಸುತ್ತಾರೆ. ಧೂಳು ಸಿಕ್ಕಿದರೆ ಅವರ ಮುಖದಲ್ಲಿ ಬರುವ ಸಂತೋಷ ನೋಡಬೇಕು. ಸಿಗದಿದ್ದರೆ ಚಕ್ರದ ಕಮಾನಿನ ಒಳಗೆ ಬೆರಳು ಹಾಕುತ್ತಾರೆ. ಅಲ್ಲಿ ಯಾರ ಕಾರಿನಲ್ಲಿ ಸಿಗಲ್ಲ ಹೇಳಿ? ಸಿಕ್ಕಿದ ಮೇಲೆ ಬೆರಳು ಒರೆಸಲು ಏನಾದರೂ ಬೇಕಲ್ಲ. ನಾನು ಪ್ರತ್ಯೇಕ ಒಗೆದು, ಪ್ರತ್ಯೇಕ ಒಣಗಿಸಿ, ಬಾನೆಟ್‌ಗೆ ಮಾತ್ರ ಅಂತ ಇಟ್ಟುಕೊಂಡ ಮೈಕ್ರೋಫೈಬರ್ ಬಟ್ಟೆ ಅಲ್ಲೇ ಇರುತ್ತದೆ.

ಹೋದ ತಿಂಗಳು ಬಾನೆಟ್ ಮೇಲೆ ಕಾಗೆ ಹಿಕ್ಕೆ ಒಣಗಿ ಅಂಟಿತ್ತು. ಅದನ್ನು ಕೆರೆಯಬಾರದು. ಬಿಟ್ಟರೂ ಕಷ್ಟ, ಅದರ ಆಮ್ಲ ಬಣ್ಣಕ್ಕೆ ಇಳಿಯುತ್ತದೆ. ಒದ್ದೆ ಬಟ್ಟೆ ಹಾಕಿ ನೆನೆಸಿ, ಮೆತ್ತಗಾದ ಮೇಲೆ ಎತ್ತಬೇಕು. ಬಟ್ಟೆ ಹಾಕಿ ನಾನು ಒಳಗೆ ನೀರು ತರಲು ಹೋದೆ. ಬರುವಷ್ಟರಲ್ಲಿ ಅಂಕಲ್ ಬಟ್ಟೆ ಎತ್ತಿ, ನೀಟಾಗಿ ಮಡಚಿ ಪಕ್ಕಕ್ಕಿಟ್ಟು, ಮನೆಯ ಬೀಗದ ಕೈ ತೆಗೆದಿದ್ದರು. "ಅಂಕಲ್!" ಅಂದೆ. ಕರ್ರ್ ಅಂತು. "ಹೋಯ್ತು ನೋಡಿ" ಅಂದರು. ನಿಜ, ಹೋಯಿತು. ಹಿಕ್ಕೆಯೂ ಹೋಯಿತು, 40 ಮೈಕ್ರಾನೂ ಹೋಯಿತು. "ಇಷ್ಟಕ್ಕೆ ಬಟ್ಟೆ ಹಾಕಿ ಮಲಗಿಸಿದ್ರಲ್ಲ, ಜ್ವರ ಬಂದೋರ ಥರ!" ಅಂತ ನಗು ಬೇರೆ. ಹಲ್ಲು ಕಚ್ಚಿ ನಾನೂ ನಕ್ಕೆ. ಎದುರು ಮನೆಯವರು, ಹಿರಿಯರು. ಊರಿಗೆ ಹೋದಾಗ ನಮ್ಮ ಹಾಲಿನ ಪ್ಯಾಕೆಟ್ಟು ಎತ್ತಿಡುವವರೂ ಅವರೇ.

ಮುಂದಿನ ವಾರ ಅವರು ಒಂದು ಬಟ್ಟೆ ತಂದರು. ಬಟ್ಟೆ ಅಂದರೆ ಅವರದೇ ಹಳೇ ಬನಿಯನ್ನಿನ ಚೂರು. ಸೀಮೆಎಣ್ಣೆ ವಾಸನೆ, ಅಲ್ಲಲ್ಲಿ ಹಪ್ಪಳದ ಹಾಗೆ ಗಟ್ಟಿ. ಗಟ್ಟಿಯಾದ ಕಡೆಯೆಲ್ಲ ಕೆನೆ ಬಣ್ಣ. "ನಮ್ಮ ಪದ್ಮಿನಿದು" ಅಂದರು. ಆ ಕಾಲದ ಕಾರಿಗೆ ಕ್ಲಿಯರ್ ಕೋಟ್ ಎಲ್ಲಿತ್ತು? ಪಾಲಿಶ್ ಹಾಕಿ ಉಜ್ಜಿದರೆ ಬಣ್ಣವೇ ಬಟ್ಟೆಗೆ ಬರುತ್ತಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಕಾರಂತೆ. ಮಾರಿದ ದಿನ ಬೆಳಗ್ಗೆಯೂ ಒರೆಸಿ ಕೊಟ್ಟಿದ್ದರಂತೆ. "ಕಾರು ಎಲ್ಲಿದೆಯೋ ಗೊತ್ತಿಲ್ಲ ನೋಡಿ, ಬಣ್ಣ ನನ್ನ ಹತ್ರ ಇದೆ" ಅಂದರು. ನನಗೂ ಸ್ವಲ್ಪ ಹೊತ್ತು ಏನೂ ಮಾತು ಬರಲಿಲ್ಲ.

ಅಷ್ಟರಲ್ಲಿ ಅವರು ಆ ಬಟ್ಟೆ ಝಾಡಿಸಿ ನನ್ನ ಬಾನೆಟ್ ಕಡೆ ಹೊರಟರು.

"ಅಂಕಲ್, ಅದು ಟೈರಿಗೆ ಇರಲಿ" ಅಂದೆ. "ಟೈರಿಗಾ?" ಅಂತ ಅವರು ನೋಡಿದ ನೋಟಕ್ಕೆ, "ಅಲ್ಲಲ್ಲ, ಗಾಜಿಗೆ" ಅಂತ ತಿದ್ದಿದೆ. ಗಾಜು ಬಣ್ಣಕ್ಕಿಂತ ಗಟ್ಟಿ, ತಡೆದುಕೊಳ್ಳುತ್ತದೆ. ಹೀಗೆ ಗಾಜು ಅವರ ಪಾಲು, ಉಳಿದದ್ದು ನನ್ನ ಪಾಲು ಅಂತ ಒಪ್ಪಂದವಾಯಿತು. ನಿನ್ನೆ ಹಿಂದಿನ ಗಾಜು ಮುಗಿಸಿ, ಬಟ್ಟೆ ತಿರುವಿ ಹಾಕಿ, ಮೆಲ್ಲಗೆ ಡಿಕ್ಕಿಯ ಕಡೆ ಇಳಿಯುತ್ತಿದ್ದರು. "ಅಂಕಲ್, ಕಾಫಿ ಆಯ್ತು ಬನ್ನಿ!" ಅಂತ ಜೋರಾಗಿ ಕೂಗಿದೆ. ಒಳಗಿನಿಂದ ಹೆಂಡತಿಯ ದನಿ ಬಂತು. "ಯಾರು ಮಾಡಿದ್ದು?"