ದೇವರಿಗೆ ಬಿಟ್ಟ ಗೂಳಿ

ಅಜ್ಜನ ಕಾಲದ ಒಂದೂಕಾಲು ಎಕರೆಯ ಪೋಡಿಗಾಗಿ ಕೊಟ್ಟ ಅರ್ಜಿಗೆ ಹದಿನಾಲ್ಕು ವರ್ಷಗಳ ಬಳಿಕ ‘ಸದರಿ ಕಡತವು ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಎಂಬ ಹಿಂಬರಹ ಕೈಸೇರಿದಾಗ ಮನೆಯವರೆಲ್ಲ ಕೂಗಾಡಿದರು. ನಾನು ಮಾತ್ರ ಸಮಾಧಾನದಿಂದಿದ್ದೆ. ಕಡತ ವಿಲೇವಾರಿಗೆ ವ್ಯಾಟಿಕನ್ ತೆಗೆದುಕೊಳ್ಳುವ ಕಾಲವನ್ನು ಬಲ್ಲವನಿಗೆ ಹದಿನಾಲ್ಕು ವರ್ಷ ಒಂದು ಲೆಕ್ಕವೇ ಅಲ್ಲ. 2023ರ ಮಾರ್ಚ್ 30ರಂದು ಅಲ್ಲಿನ ಎರಡು ಇಲಾಖೆಗಳು ಜಂಟಿಯಾಗಿ ಹೊರಡಿಸಿದ ಪ್ರಕಟಣೆಯನ್ನು ಓದುಗರು ಮರೆತಿರಲಾರರು. ‘ಕಂಡುಹಿಡಿದವನದೇ ನೆಲ’ ಎಂಬ ಸಿದ್ಧಾಂತ ಕಥೋಲಿಕ ಧರ್ಮಸಭೆಯ ಬೋಧನೆಯಲ್ಲ, ಹದಿನೈದನೆಯ ಶತಮಾನದಲ್ಲಿ ಪೋಪರು ಹೊರಡಿಸಿದ ಶಾಸನಗಳನ್ನು ಧರ್ಮಸಭೆ ತನ್ನ ವಿಶ್ವಾಸದ ಮಾತೆಂದು ಎಂದೂ ಪರಿಗಣಿಸಿಯೇ ಇಲ್ಲ, ಪೈಪೋಟಿಗೆ ಬಿದ್ದ ರಾಜರು ಅವನ್ನು ತಮ್ಮ ರಾಜಕೀಯಕ್ಕೆ ತಿರುಚಿಕೊಂಡರು ಎಂಬುದು ಅದರ ಸಾರ. 1493ರಿಂದ ಲೆಕ್ಕ ಹಿಡಿದರೆ ಸರಿಯಾಗಿ 530 ವರ್ಷ. ಸಕಾಲ ಯೋಜನೆಯವರು ದಯವಿಟ್ಟು ಗಮನಿಸಬೇಕು.

1493ರ ಶಾಸನವನ್ನು ದಯಪಾಲಿಸಿದ ಪೋಪ್ ಆರನೆಯ ಅಲೆಕ್ಸಾಂಡರರಿಗೆ ಭೂದಾಖಲೆಗಳ ಇತಿಹಾಸದಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲವೆಂಬುದು ನನ್ನ ಬಹುದಿನದ ಕೊರಗು. ಸ್ಪೇನಿನ ವೇಲೆನ್ಸಿಯಾ ಕಡೆಯವರಾದ ಈ ಮಹನೀಯರು ಪಟ್ಟವೇರಿದ ಮರುವರ್ಷವೇ, ತಾವು ಕಾಣದ, ಯಾರೂ ಅಳೆಯದ, ಒಳಗೆ ಎಷ್ಟು ಒಕ್ಕಲುಗಳಿವೆಯೆಂದು ವಿಚಾರಿಸದ ನೆಲವನ್ನೆಲ್ಲ ತಮ್ಮ ತಾಯ್ನಾಡಿನ ದೊರೆಗಳಾದ ಫರ್ಡಿನಾಂಡ್ ಮತ್ತು ಇಸಾಬೆಲ್ಲರ ಹೆಸರಿಗೆ ಖಾತೆ ಮಾಡಿಕೊಟ್ಟರು. ಚೆಕ್ಕುಬಂದಿಯ ಸೊಗಸನ್ನಾದರೂ ನೋಡಬೇಕು: ಅಜೋರ್ಸ್ ಮತ್ತು ಕೇಪ್ ವರ್ಡ್ ದ್ವೀಪಗಳ ಪೈಕಿ ಯಾವುದರಿಂದಲಾದರೂ ಸರಿ, ಪಶ್ಚಿಮಕ್ಕೂ ದಕ್ಷಿಣಕ್ಕೂ 100 ಲೀಗ್ ದೂರದಲ್ಲಿ, ಉತ್ತರ ಧ್ರುವದಿಂದ ದಕ್ಷಿಣ ಧ್ರುವದವರೆಗೆ ಒಂದು ಗೆರೆ. ಉತ್ತರ ದಕ್ಷಿಣವಾಗಿ ಹಾಯುವ ಗೆರೆ ಯಾವುದಕ್ಕಾದರೂ ದಕ್ಷಿಣದಲ್ಲಿರುವುದು ಹೇಗೆ, ಆ ಎರಡು ದ್ವೀಪಸಮೂಹಗಳು ಒಂದರ ಕೆಳಗೊಂದು ನೇರವಾಗಿ ಇಲ್ಲದಿರುವಾಗ ಸರಪಳಿಯನ್ನು ಯಾವ ಬಾಂದುಕಲ್ಲಿನಿಂದ ಹಿಡಿಯಬೇಕು ಎಂದು ನಮ್ಮ ತಾಲ್ಲೂಕಿನ ಭೂಮಾಪಕರಾದರೂ ಕೇಳುತ್ತಿದ್ದರು. ಕೊನೆಗೆ ಸ್ಪೇನ್ ಮತ್ತು ಪೋರ್ಚುಗಲ್ಲುಗಳೇ 1494ರಲ್ಲಿ ತೋರ್ದೆಸಿಯಾಸ್ ಎಂಬ ಊರಿನಲ್ಲಿ ಕುಳಿತು, ಗೆರೆಯನ್ನು ಕೇಪ್ ವರ್ಡಿನಿಂದ 370 ಲೀಗ್ ಪಶ್ಚಿಮಕ್ಕೆ ಸರಿಸಿ ರಾಜಿ ಮಾಡಿಕೊಂಡವು. ರಾಜಿಗೆ ಕರೆಯದೆ ಬಿಟ್ಟದ್ದು ಒಕ್ಕಲುಗಳನ್ನು ಮಾತ್ರ.

ಈ ಶಾಸನಗಳಿಗೆ ಇಂಗ್ಲಿಷಿನಲ್ಲಿ ಬುಲ್ ಎನ್ನುತ್ತಾರೆ. ಪತ್ರದ ಕೆಳಗೆ ನೇತಾಡುವ ಸೀಸದ ಮುದ್ರೆಗೆ ಲ್ಯಾಟಿನ್ನಿನಲ್ಲಿ ಬುಲ್ಲಾ ಎಂಬ ಹೆಸರಿರುವುದೇ ಇದಕ್ಕೆ ಕಾರಣವೆಂದು ವಿದ್ವಾಂಸರು ಹೇಳುತ್ತಾರಾದರೂ ನನಗೆ ಗೂಳಿ ಎಂಬ ಅರ್ಥವೇ ಹೆಚ್ಚು ಸರಿಯೆನಿಸುತ್ತದೆ. ದೇವರಿಗೆ ಬಿಟ್ಟ ಗೂಳಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಮೇಲೆ ಮುದ್ರೆ ಇರುತ್ತದೆ, ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿಲ್ಲ, ಮೇದದ್ದಕ್ಕೆ ಲೆಕ್ಕವಿಲ್ಲ, ಬಿಟ್ಟವರನ್ನು ಹುಡುಕಿಕೊಂಡು ಹೋದರೆ ಅವರು ಪೂಜೆಗೆ ಕುಳಿತಿರುತ್ತಾರೆ.

ಹೀಗೆ ಬಿಟ್ಟ ಗೂಳಿಗಳಲ್ಲಿ ಮತ್ತೊಂದು 1452ರದ್ದು, ಬಿಟ್ಟವರು ಐದನೆಯ ನಿಕೋಲಸ್. ಪುಸ್ತಕವೆಂದರೆ ಪ್ರಾಣ ಬಿಡುತ್ತಿದ್ದ, ವ್ಯಾಟಿಕನ್ ಗ್ರಂಥಾಲಯಕ್ಕೆ ಅಡಿಪಾಯ ಹಾಕಿದ ಸುಸಂಸ್ಕೃತರು. ಸಾರಾಸೆನರ, ಅಂದರೆ ಮುಸ್ಲಿಮರ, ಮತ್ತು ಅನ್ಯಧರ್ಮೀಯರ ಮೇಲೆ ಏರಿಹೋಗಿ, ಅವರ ಆಸ್ತಿಪಾಸ್ತಿ ಕಿತ್ತುಕೊಂಡು, ಅವರನ್ನು ಶಾಶ್ವತ ದಾಸ್ಯಕ್ಕೆ ಇಳಿಸಬಹುದೆಂದು ಇವರು ಪೋರ್ಚುಗಲ್ಲಿನ ದೊರೆ ಐದನೆಯ ಅಫೊನ್ಸೊಗೆ ಅಪ್ಪಣೆ ಕೊಟ್ಟರು. 1455ರಲ್ಲಿ ಅದನ್ನೇ ಇನ್ನೊಮ್ಮೆ ಬರೆದುಕೊಟ್ಟರು. ರಾಜರು ತಿರುಚಿದರಂತೆ. ‘ಶಾಶ್ವತ ದಾಸ್ಯ’ ಎಂಬ ಎರಡು ಪದಗಳಲ್ಲಿ ತಿರುಚುವುದಕ್ಕೆ ಉಳಿದದ್ದಾದರೂ ಏನು? 1444ರ ಆಗಸ್ಟಿನಲ್ಲಿ ಪೋರ್ಚುಗಲ್ಲಿನ ಲಾಗೋಸ್ ಬಂದರಿನ ಬಯಲಿನಲ್ಲಿ, ಆಫ್ರಿಕದಿಂದ ಹಿಡಿದು ತಂದ 235 ಮಂದಿಯನ್ನು ಪಾಲು ಹಾಕುವಾಗ, ಮಕ್ಕಳು ಬೇರೆ ಗುಂಪಿಗೆ ಹೋದದ್ದನ್ನು ಕಂಡ ತಾಯಂದಿರು ಓಡಿ ಬಂದು, ಅವರನ್ನು ತಬ್ಬಿಕೊಂಡು ನೆಲಕ್ಕೆ ಕವುಚಿ ಬಿದ್ದು, ಹೊಡೆತಗಳನ್ನೆಲ್ಲ ತಮ್ಮ ಮೈಮೇಲೆ ತೆಗೆದುಕೊಂಡರೆಂದು ಆ ಆಸ್ಥಾನದ ಚರಿತ್ರಕಾರನೇ ಬರೆದಿಟ್ಟಿದ್ದಾನೆ. ರಾಜಕುಮಾರ ಹೆನ್ರಿ ಕುದುರೆಯ ಮೇಲೆ ಕುಳಿತು ತನಗೆ ಸಲ್ಲಬೇಕಾದ ಐದನೆಯ ಒಂದು ಪಾಲನ್ನು ಪಡೆದ. ಎಂಟು ವರ್ಷಗಳ ತರುವಾಯ ರೋಮಿನಿಂದ ಬಂದದ್ದು ಛೀಮಾರಿಯಲ್ಲ, ಪರವಾನಗಿ. ಇಷ್ಟು ಬರೆದ ಮೇಲೆ ತಮಾಷೆಯನ್ನು ಮುಂದುವರಿಸಲು ಕೈ ಓಡುವುದಿಲ್ಲ. ಆದರೂ ಅಂಕಣವೆಂದ ಮೇಲೆ ಮುಗಿಸಬೇಕು.

ಆ ಗೂಳಿ ನಮ್ಮ ಕರಾವಳಿಗೂ ಬಂದಿತ್ತು. ವಾಸ್ಕೋ ಡ ಗಾಮ ಮರಳಿದ ಮೇಲೆ ಪೋರ್ಚುಗಲ್ಲಿನ ದೊರೆ ಮಾನುಯೆಲ್ ತನ್ನನ್ನು ‘ಇಥಿಯೋಪಿಯ, ಅರೇಬಿಯ, ಪರ್ಷಿಯ ಮತ್ತು ಭಾರತಗಳ ದಿಗ್ವಿಜಯ, ನೌಕಾಯಾನ ಹಾಗೂ ವ್ಯಾಪಾರದ ಒಡೆಯ’ ಎಂದು ಕರೆದುಕೊಂಡ. ಅಷ್ಟು ಹೊತ್ತಿಗೆ ಭಾರತದಲ್ಲಿ ಅವನ ಕೈಯಲ್ಲಿ ಒಂದು ಗುಂಟೆ ನೆಲವೂ ಇರಲಿಲ್ಲ. ತಲೆಮಾರುಗಳಿಂದ ಅರಬ್ಬಿ ಸಮುದ್ರದಲ್ಲಿ ಅಕ್ಕಿ, ಮೆಣಸು ಸಾಗಿಸುತ್ತಿದ್ದವರು ಅದೇ ಸಮುದ್ರದಲ್ಲಿ ಹಾಯಿ ಬಿಚ್ಚಲು ಪೋರ್ಚುಗೀಸರಿಂದ ‘ಕರ್ತಾಸ್’ ಎಂಬ ರಹದಾರಿ ಚೀಟಿಯನ್ನು ಕೊಳ್ಳಬೇಕಾಯಿತು. ಚೀಟಿ ಇಲ್ಲದ ಹಡಗು ಸರಕಿನ ಸಮೇತ ಜಪ್ತಿ. ಉಳ್ಳಾಲದ ರಾಣಿ ಅಬ್ಬಕ್ಕ ಕಪ್ಪ ಕೊಡಲು ಒಪ್ಪಲಿಲ್ಲ. ಬಹುಶಃ ಆಕೆಗೆ ಲ್ಯಾಟಿನ್ ಬರುತ್ತಿರಲಿಲ್ಲ.

ಧರ್ಮಸಭೆಯ ಬೋಧನೆ ಬದಲಾಗುವುದಿಲ್ಲ, ಬೆಳೆಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಈ ಬೆಳವಣಿಗೆಯ ಮಾತು ಬಂದಾಗಲೆಲ್ಲ ನನಗೆ ಜೊವಾನ್ನಿ ಬಾತ್ತಿಸ್ತಾ ಬುಗಾತ್ತಿ ನೆನಪಾಗುತ್ತಾನೆ. ರೋಮ್ ಇನ್ನೂ ಪೋಪರ ಆಳ್ವಿಕೆಯಲ್ಲಿದ್ದಾಗ, 1796ರಿಂದ 1864ರವರೆಗೆ, ಈತ ಅವರ ಸರ್ಕಾರದ ವಧಕಾರನಾಗಿದ್ದ. ನೇಣು, ಕೊಡಲಿ, ಗಿಲೊಟಿನ್ ಎಲ್ಲದರಲ್ಲೂ ಪಳಗಿದವನು. ತೀರಿಸಿದ ಪ್ರಕರಣಗಳು 516 ಎಂದು ಒಂದೊಂದನ್ನೂ ತಾನೇ ದಾಖಲಿಸಿಟ್ಟ ಶಿಸ್ತಿನ ನೌಕರ. ಕೆಲಸವಿಲ್ಲದ ದಿನಗಳಲ್ಲಿ ಮನೆಯಲ್ಲಿ ಕುಳಿತು ಕೊಡೆಗಳಿಗೆ ಚಿತ್ರ ಬರೆದು ಮಾರುತ್ತಿದ್ದನಂತೆ. ಜನರ ಕೋಪಕ್ಕೆ ಹೆದರಿ ಟೈಬರ್ ನದಿಯ ಸೇತುವೆ ದಾಟುತ್ತಿರಲಿಲ್ಲ. ಆದ್ದರಿಂದ ಅವನು ಸೇತುವೆ ದಾಟಿದನೆಂದರೆ ಅಂದು ಯಾರದೋ ತಲೆ ಉರುಳುತ್ತದೆಂದು ರೋಮಿನ ಜನ ತಿಳಿದುಕೊಳ್ಳುತ್ತಿದ್ದರು. ಅವನು ಪಿಂಚಣಿ ಪಡೆದು ನಿವೃತ್ತನಾದ. ಮುಂದೆ 1929ರಲ್ಲಿ ಮುಸೊಲಿನಿಯೊಡನೆ ಒಪ್ಪಂದವಾಗಿ 44 ಹೆಕ್ಟೇರಿನ ವ್ಯಾಟಿಕನ್ ನಗರ ಹುಟ್ಟಿದಾಗ, ಪೋಪರ ಕೊಲೆಗೆ ಯತ್ನಿಸಿದವರಿಗೆಂದು ಮರಣದಂಡನೆಯನ್ನು ಅಲ್ಲಿನ ಕಾನೂನಿನಲ್ಲಿ ಉಳಿಸಿಕೊಳ್ಳಲಾಯಿತು. ಅದು ರದ್ದಾದದ್ದು 1969ರಲ್ಲಿ. 2018ರಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶವನ್ನೇ ತಿದ್ದಿಸಿ, ಮರಣದಂಡನೆ ಯಾವ ಸಂದರ್ಭದಲ್ಲಿಯೂ ಒಪ್ಪತಕ್ಕದ್ದಲ್ಲವೆಂದು ಬರೆಸಿದರು. ಒಳ್ಳೆಯ ಮಾತು, ಮನಸ್ಸಾರೆ ಒಪ್ಪುತ್ತೇನೆ. ಬುಗಾತ್ತಿಯ ಕೈಗೆ ಸಿಕ್ಕ 516 ಮಂದಿ ಬೋಧನೆ ಬೆಳೆಯುವ ಮೊದಲೇ ಹುಟ್ಟಿ ಅವಸರ ಮಾಡಿದರು, ಅಷ್ಟೆ.

ಪೋಪರ ಎಲ್ಲ ಪತ್ರಗಳೂ ಕಸಿಯುವ ಪತ್ರಗಳಾಗಿರಲಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. 1537ರಲ್ಲಿ ಮೂರನೆಯ ಪೌಲ್, ಅಮೆರಿಕದ ಮೂಲನಿವಾಸಿಗಳೂ ಮನುಷ್ಯರೇ, ಅವರ ಸ್ವಾತಂತ್ರ್ಯವನ್ನೂ ಸ್ವತ್ತನ್ನೂ ಕಸಿಯಕೂಡದು ಎಂದು ಬರೆದರು. ಮೀರಿದವರಿಗೆ ಬಹಿಷ್ಕಾರವೆಂದು ಜೊತೆಗೊಂದು ಪತ್ರವನ್ನೂ ಹೊರಡಿಸಿದರು. ಚಕ್ರವರ್ತಿ ಐದನೆಯ ಚಾರ್ಲ್ಸ್ ಮುಖ ಗಂಟಿಕ್ಕಿದ. ಮರುವರ್ಷ ಶಿಕ್ಷೆಯ ಪತ್ರ ವಾಪಸಾಯಿತು, ಉಪದೇಶ ಮಾತ್ರ ಉಳಿಯಿತು. 1917ರ ಆಗಸ್ಟಿನಲ್ಲಿ ಹದಿನೈದನೆಯ ಬೆನೆಡಿಕ್ಟ್ ಮಹಾಯುದ್ಧವನ್ನು ವ್ಯರ್ಥ ನರಮೇಧವೆಂದು ಕರೆದು ಕಾದಾಡುವವರಿಗೆಲ್ಲ ಶಾಂತಿಯ ಪತ್ರ ಬರೆದರು; ಯುದ್ಧ ಮತ್ತೂ ಒಂದು ವರ್ಷದ ಮೇಲೆ ನಡೆಯಿತು. 2003ರ ಮಾರ್ಚ್ 5ರಂದು ಎರಡನೆಯ ಜಾನ್ ಪೌಲರ ಪತ್ರ ಹಿಡಿದು ಕಾರ್ಡಿನಲ್ ಪಿಯೊ ಲಾಗಿ ಅಧ್ಯಕ್ಷ ಬುಷ್‌ರನ್ನು ಕಂಡು ಇರಾಕಿನ ಮೇಲೆ ಯುದ್ಧ ಬೇಡವೆಂದರು. ಹದಿನೈದೇ ದಿನಗಳಲ್ಲಿ ಬಾಗ್ದಾದಿನ ಮೇಲೆ ಬಾಂಬು ಬಿತ್ತು. ಹೋಗಿ ಕಿತ್ತುಕೊಳ್ಳಿ ಎಂದು ಬರೆದಾಗ ಪತ್ರದ ಶಾಯಿ ಒಣಗುವ ಮೊದಲೇ ಹಡಗು ಹೊರಟಿರುತ್ತದೆ. ಬಿಟ್ಟುಬಿಡಿ ಎಂದು ಬರೆದಾಗ ದೊರೆಗಳಿಗೆಲ್ಲ ಅಕ್ಷರ ಮರೆತುಹೋಗಿರುತ್ತದೆ.

2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಕೆನಡಾಕ್ಕೆ ಹೋಗಿ, ವಸತಿಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಗಾದ ದೌರ್ಜನ್ಯಕ್ಕೆ ಕ್ಷಮೆ ಕೇಳಿದಾಗ, ಕ್ವಿಬೆಕ್ ಬಳಿಯ ಚರ್ಚಿನಲ್ಲಿ ಮೂಲನಿವಾಸಿಗಳು ‘ಕಂಡುಹಿಡಿದವನದೇ ನೆಲ’ ಎಂಬ ಆ ಸಿದ್ಧಾಂತವನ್ನು ರದ್ದುಮಾಡಿ ಎಂದು ಬರೆದ ಬಟ್ಟೆಯನ್ನು ಅವರ ಬಲಿಪೀಠದ ಮುಂದೆಯೇ ಬಿಡಿಸಿ ಹಿಡಿದಿದ್ದರು. ಎಂಟು ತಿಂಗಳ ನಂತರ ಬಂದ ಉತ್ತರವೇ ಆ ಹಿಂಬರಹ: ಗೂಳಿ ನಮ್ಮದಲ್ಲ. ಲೋಕವೆಲ್ಲ ಇದನ್ನು ಐತಿಹಾಸಿಕವೆಂದು ಕೊಂಡಾಡಿತು. ಅದೇ ಸಿದ್ಧಾಂತ ಅಮೆರಿಕದ ಸುಪ್ರೀಂ ಕೋರ್ಟಿಗೆ 1823ರಲ್ಲೇ ಹೊಕ್ಕು, 2005ರ ಒಂದು ತೀರ್ಪಿನ ಮೊದಲ ಅಡಿಟಿಪ್ಪಣಿಯಲ್ಲಿ ಕುಳಿತಿದೆ. ನ್ಯೂಯಾರ್ಕಿನ ಒನೈಡಾ ಜನ, ಕಳೆದುಕೊಂಡಿದ್ದ ತಮ್ಮ ಹಿರಿಯರ ನೆಲದಲ್ಲಿ ಕೆಲವು ತುಂಡುಗಳನ್ನು ದುಡ್ಡು ಕೊಟ್ಟು ಮರಳಿ ಕೊಂಡು, ಅದರ ಮೇಲೆ ನಮ್ಮದೇ ಆಡಳಿತವಿರಲಿ, ಊರಿನ ತೆರಿಗೆ ಬೇಡ ಎಂದು ಕೇಳಿದ್ದರು. ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಕೊಟ್ಟ ಮುಖ್ಯ ಕಾರಣ: ಎರಡು ಶತಮಾನ ಸುಮ್ಮನಿದ್ದು ಈಗ ಬಂದಿದ್ದೀರಿ, ಬಹಳ ತಡವಾಯಿತು.